ಎಂಟು ಹಲಗೆಗಳ ಹಿಂದೆ

೪ ಜನವರಿ

ಪ್ರೀತಿಯ ಮಾವನಿಗೆ,

ಫೋನಿನಲ್ಲಿ ನಾನೆಷ್ಟು ಕೂಗಿದ್ರೂ ನೀವು "ಆಂ? ಆಂ?" ಅನ್ನೋದು ಬಿಟ್ಟರೆ ಬೇರೆ ಮಾತಿಲ್ಲ. ಮೊನ್ನೆ ಪಕ್ಕದ ಮನೆಯವರು ನಾನು ಗಂಡನ ಜೊತೆ ಜಗಳ ಆಡ್ತಿದೀನಿ ಅಂದ್ಕೊಂಡು ಬಾಗಿಲು ತಟ್ಟಿದ್ರು. ಅದಕ್ಕೇ ಈ ಕಾಗದ. ಅಣುಸ್ಥಾವರದ ಪಂಪುಗಳ ಸದ್ದಿಗೆ ಮೂವತ್ತು ವರ್ಷ ಕಿವಿ ಕೊಟ್ಟವರಿಗೆ ಇದೇ ಸರಿ.

"ನಿನ್ನ ಸೊಸೆ ಆಫೀಸಿನಲ್ಲಿ ಏನು ಕಡಿದು ಗುಡ್ಡೆ ಹಾಕ್ತಾಳೆ" ಅಂತ ಅತ್ತೆಯನ್ನ ಯಾರೋ ಕೇಳಿದ್ರಂತೆ. ಹೇಳ್ತೀನಿ ಕೇಳಿ. ಅಣುಸ್ಥಾವರಗಳಲ್ಲಿ ಬೆಂಕಿಯಿಂದ ಕಾಪಾಡೋ ಹಳೇ ನಿಯಮ ಹೋಗಿ ಹೊಸದು ಬರ್ತಾ ಇದೆ. ಹಳೇದು, ಗೋಡೆ ಮೂರು ಗಂಟೆ ಬೆಂಕಿ ತಡೆಯುತ್ತಾ, ಹಾಗಾದ್ರೆ ಸರಿ ಅಂತಿತ್ತು. ಹೊಸದು ಒಂದೊಂದು ಕೋಣೆಯಲ್ಲೂ ನಿಂತು ಕೇಳುತ್ತೆ: ಇಲ್ಲಿ ಬೆಂಕಿ ಹತ್ತಿದರೆ ಯಾವ ಕೇಬಲ್ ಸುಡುತ್ತೆ, ಅದು ಸುಟ್ಟರೆ ಯಾವ ಪಂಪ್ ನಿಲ್ಲುತ್ತೆ, ಆಮೇಲೆ ರಿಯಾಕ್ಟರನ್ನ ತಣ್ಣಗಿಡೋರು ಯಾರು? ಎಲ್ಲ ಸ್ಥಾವರಗಳೂ ಹಳೇದರಿಂದ ಹೊಸದಕ್ಕೆ ದಾಟೋವರೆಗೂ ನೋಡಿಕೊಳ್ಳೋ ಸರ್ಕಾರಿ ಕಚೇರಿ ನಮ್ಮದು.

ಇದರಲ್ಲಿ ಒಂದು ಕಲಂ ನನ್ನ ಹಠದಿಂದ ಸೇರಿದ್ದು. ಮಾರ್ಚ್ ಮೂವತ್ತೊಂದರೊಳಗೆ ಸ್ಥಾವರದವರೇ ತಮ್ಮ ತಪ್ಪು ಹುಡುಕಿ, ತಾವೇ ಬಂದು ಹೇಳಿದರೆ ದಂಡ ಇಲ್ಲ, ಸರಿಪಡಿಸಿದರೆ ಸಾಕು. ನಾವು ಹುಡುಕಿದರೆ ದಂಡ ಖಂಡಿತ. ಗೊತ್ತಿದ್ದೂ ಮುಚ್ಚಿಟ್ಟಿದ್ದರೆ ಯಾವ ಮಾಫಿಯೂ ಇಲ್ಲ. ಕಲಂ ಬಂದು ಎರಡು ತಿಂಗಳಾಯ್ತು, ಬಂದ ಪತ್ರಗಳಲ್ಲೆಲ್ಲ "ಎಲ್ಲ ಸರಿಯಿದೆ" ಅನ್ನೋ ಒಂದೇ ರಾಗ. "ನಿಮ್ಮ ಕ್ಷಮೆಗೆ ಗಿರಾಕಿಗಳೇ ಇಲ್ಲವಲ್ಲಮ್ಮ" ಅಂತ ಸಾಹೇಬರು ನಗ್ತಾರೆ. ನನಗೆ ಮೈಯೆಲ್ಲ ಉರಿಯುತ್ತೆ.

ಗೋಡೆಯಲ್ಲಿ ಕೇಬಲ್ ದಾಟೋ ತೂತುಗಳನ್ನ ನಿಮ್ಮ ಕಾಲದಲ್ಲಿ ಹೇಗೆ ಮುಚ್ತಿದ್ರಿ, ಸ್ವಲ್ಪ ಬಿಡಿಸಿ ಬರೀರಿ. ನಕ್ಷೆ ಓದೋದನ್ನ ನನಗೆ ಕಲಿಸಿದ್ದೇ ನೀವು. ಮಗು ಎತ್ತಿಕೊಂಡು ಅಂಗಳದಲ್ಲಿ ಓಡಾಡಿಸಿ ನನ್ನನ್ನ ಪರೀಕ್ಷೆಗೆ ಕೂರಿಸಿದವರೂ ನೀವೇ. ಅದನ್ನ ನಾನು ಯಾವತ್ತೂ ಬಾಯಿಬಿಟ್ಟು ಹೇಳಿಲ್ಲ, ಈಗ ಹೇಳ್ತಿದೀನಿ.

ನಿಮ್ಮ ಮಗ ಕ್ಷೇಮ. ಬರೀರಿ ಅಂದ್ರೆ "ನೀನೇ ನನ್ನ ಹೆಸರು ಸೇರಿಸು" ಅಂತಾರೆ. ಸೇರಿಸಿದೀನಿ.

ನಿಮ್ಮ ಸೊಸೆ


೧೧ ಜನವರಿ

ಮಹಾರಾಜಶ್ರೀ ಇನ್‌ಸ್ಪೆಕ್ಟರ್ ಸೊಸೆಯವರಿಗೆ,

ಕೇಳಬಾರದವನನ್ನ ಕೇಳಿದ್ದೀಯ ತಾಯಿ. ಈಗ ನಾಲ್ಕು ಹಾಳೆ ಓದು, ಅನುಭವಿಸು. ನಿಮ್ಮತ್ತೆ ಆಗಲೇ "ಶುರುವಾಯ್ತು ಪುರಾಣ" ಅಂತ ಒಳಗೆ ಎದ್ದು ಹೋದಳು.

ಗೋಡೆಯಲ್ಲಿ ಕೇಬಲ್ ದಾಟೋ ತೂತು ಅಂದ್ರೆ ಬೆಂಕಿಗೆ ತೆರೆದಿಟ್ಟ ಬಾಗಿಲು. ಅದರ ಎರಡೂ ಕಡೆ ಬೆಂಕಿ ತಡೆಯೋ ಹಲಗೆ ಕೂರಿಸಬೇಕು, ಹಲಗೆಯಲ್ಲಿ ಬಿಟ್ಟ ಸಣ್ಣ ಕಂಡಿಯಿಂದ ನಡುವೆ ಫೋಮ್ ಸುರೀಬೇಕು. ಅದು ಹುದುಗು ಬಂದ ಹಿಟ್ಟಿನ ಹಾಗೆ ಉಬ್ಬಿ ಕೇಬಲ್ ಸಂದಿಯಲ್ಲೆಲ್ಲ ತುಂಬಿ ಗಟ್ಟಿಯಾಗುತ್ತೆ. ಹಲಗೆ ಅಲ್ಲೇ ಉಳಿಯುತ್ತೆ. ಕೊನೆಗೆ ಹಲಗೆ ಮೇಲೆ ಬಣ್ಣದಲ್ಲಿ ನಂಬರ್. ನಂಬರ್ ಬಿತ್ತು ಅಂದ್ರೆ ಕೆಲಸ ಮುಗೀತು ಅಂತ. ಎರಡು ಸಾವಿರ ತೂತಿಗೆ ಮೇಸ್ತ್ರಿ ಅಂತ ಸಹಿ ಹಾಕಿರೋ ಕೈ ಇದು. ಯಾವುದಾದರೂ ಒಂದರಲ್ಲಿ ಬೆರಳು ತೂರಿಸಿ ತೋರಿಸು, ಮೀಸೆ ಬೋಳಿಸ್ತೀನಿ.

ಕೈಚಳಕ ಒಂದು ಹೇಳ್ತೀನಿ, ಯಾರಿಗೂ ಹೇಳಬೇಡ. ಫೋಮ್ ಪೈಪು ಉದ್ದ, ನೆಲದಲ್ಲಿ ನಿಂತೇ ಸುರೀಬಹುದು. ಹಲಗೆಗೆ ಒಂದು ಸಲ, ನಂಬರಿಗೆ ಒಂದು ಸಲ ಅಂತ ಏಣಿ ಹತ್ತಿ ಇಳಿದು ಮಂಡಿ ಚಿಪ್ಪು ಕಳಚಿ ಬರೋದು. ಅದಕ್ಕೆ ನಾನು ಹಲಗೆ ಬಡಿದ ಕೂಡಲೇ ನಂಬರೂ ಬರೆದುಬಿಡ್ತಿದ್ದೆ. ಆಮೇಲೆ ಕೆಳಗಿಂದ ಸಾಲಾಗಿ ಸುರಿದರಾಯ್ತು. ಅರ್ಧ ದಿನ ಉಳೀತಿತ್ತು. ಬುದ್ಧಿ ಅಂದ್ರೆ ಅದು!

ನಿನ್ನ ಗಂಡನ ಕತೆ ಗೊತ್ತಾ? ಅವನಿಗೆ ಆರು ವರ್ಷ. ಎರಡು ಕೇಬಲ್ ಕೋಣೆಗಳ ನಡುವಿನ ಗೋಡೆಯಲ್ಲಿ ಎಂಟು ತೂತು. ಆ ಕಡೆ ಮುಗಿಸಿ, ಈ ಕಡೆಯ ಎಂಟು ಹಲಗೆ ಬಡಿದು, ನಂಬರ್ ಬರೆದು, ಕೆಳಗಿಳಿದು ಇನ್ನೇನು ಪೈಪ್ ಎತ್ತಬೇಕು, ಟೈಮ್‌ಕೀಪರ್ ಓಡಿ ಬಂದ. "ನಿಮ್ಮ ಹುಡುಗ ಸ್ಕೂಲ್ ಕಾಂಪೌಂಡಿಂದ ಬಿದ್ದು ಕೈ ಮುರ್ಕೊಂಡಿದಾನೆ" ಅಂದ. ಪೈಪ್ ಅಲ್ಲೇ ಬಿಸಾಕಿ ಓಡಿದೆ. ಆಸ್ಪತ್ರೆಯಲ್ಲಿ ಈ ಮಹಾಶಯ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಿಸ್ಕತ್ ತಿಂತಾ ಕೂತಿದ್ದ! ಮಾರನೇ ದಿನ ಬಂದು ನೋಡ್ತೀನಿ, ಎರಡನೇ ಪಾಳಿಯ ಉದ್ದಣ್ಣ ನನ್ನ ಪೈಪನ್ನೆಲ್ಲ ತೊಳೆದು ಗೂಟಕ್ಕೆ ನೇತು ಹಾಕಿದಾನೆ. "ಎಲ್ಲ ಆಯ್ತೇನೋ?" ಅಂದೆ. "ಆಯ್ತಲ್ಲಣ್ಣ" ಅಂದ. ಸಹಿ ಹಾಕಿ ಮುಂದಿನ ಗೋಡೆಗೆ ಹೋದೆ. ಎಂಥಾ ಜೊತೆಗಾರ! ಅವನು ತೀರಿಕೊಂಡು ನಾಲ್ಕು ವರ್ಷವಾಯ್ತು, ಇವತ್ತಿಗೂ ಅವನನ್ನ ನೆನೆದು ಕೈ ಮುಗೀತೀನಿ.

ಇಷ್ಟು ಸಾಕಾ, ಇನ್ನೂ ಬೇಕಾ?

ನಿನ್ನ ಮಾವ, ನಿವೃತ್ತ ಮೇಸ್ತ್ರಿ


೧೫ ಜನವರಿ

ಮಾವ,

ನಿಮ್ಮ ಕಾಗದ ಬಸ್ಸಿನಲ್ಲಿ ಓದಿದೆ. ಮೊದಲ ಹಾಳೆಗೆ ಜೋರಾಗಿ ನಕ್ಕೆ. ಕೊನೇ ಹಾಳೆ ಓದೋವಾಗ ನಾನು ಇಳಿಯೋ ಸ್ಟಾಪೇ ದಾಟಿ ಹೋಗಿತ್ತು.

ಆ ಎಂಟು ತೂತುಗಳಿಗೆ ಫೋಮ್ ಸುರಿದವರು ಯಾರು?

ನೀವು ಸುರೀಲಿಲ್ಲ, ಪೈಪ್ ಬಿಸಾಕಿ ಹೋದ್ರಿ. ಉದ್ದಣ್ಣನವರು ಬಂದು ನೋಡಿದಾಗ ಎಂಟರ ಮೇಲೂ ನಂಬರ್ ಇತ್ತು. ನಂಬರ್ ಬಿತ್ತು ಅಂದ್ರೆ ಮುಗೀತು ಅಂತ ನೀವೇ ಬರೆದಿದೀರಿ. ಅವರು ಮುಗಿದ ಕೆಲಸ ಅಂದ್ಕೊಂಡು ಪೈಪ್ ತೊಳೆದಿಟ್ಟಿರಬೇಕು.

ಆಫೀಸಿನಲ್ಲಿ ನಕ್ಷೆ ತೆಗೆದು ನೋಡಿದೆ. ಆ ಗೋಡೆಯ ಒಂದು ಕಡೆ ಮೊದಲ ಪಂಪುಗಳ ಕೇಬಲ್, ಇನ್ನೊಂದು ಕಡೆ ಅವು ಕೆಟ್ಟರೆ ಕೈಹಿಡಿಯೋ ಪಂಪುಗಳ ಕೇಬಲ್. ನಡುವೆ ಖಾಲಿಯಿದ್ದರೆ ಒಂದೇ ಬೆಂಕಿಗೆ ಎರಡೂ ಹೋಗುತ್ತೆ.

ನಿಮ್ಮನ್ನ ಕೇಳದೆ ಸಾಹೇಬರಿಗೆ ಹೇಳಿದೀನಿ ಮಾವ. ಕಾಗದ ಓದಿದ್ದು ನಿಮ್ಮ ಸೊಸೆ, ಆದರೆ ಓದಿದ ಮೇಲೆ ಸುಮ್ಮನಿರೋಕೆ ಈ ಕೆಲಸ ಬಿಡಲ್ಲ. ಅವರು ಇವತ್ತು ಮಧ್ಯಾಹ್ನವೇ ಸ್ಥಾವರಕ್ಕೆ ಫೋನ್ ಮಾಡ್ತಾರೆ. ಹಾಗಾದರೆ ಇದು ನಾವು ಹುಡುಕಿದ ತಪ್ಪಾಗುತ್ತೆ, ಕ್ಷಮೆಯ ಕಲಂ ಅನ್ವಯಿಸೋದಿಲ್ಲ. ಆ ಕಡತದಿಂದ ನನ್ನನ್ನ ತೆಗೆದಿದ್ದಾರೆ, ಇನ್ನು ಅದರಲ್ಲಿ ಏನಾದರೂ ನನಗೆ ತಿಳಿಯೋದಿಲ್ಲ.

ನೀವು ಸಿಟ್ಟು ಮಾಡಿಕೊಂಡು ಬರೆಯೋದು ನಿಲ್ಲಿಸಿದರೆ ನಾನು ತಡಕೋಬೇಕು. ತಡಕೊಳ್ಳೋಕೆ ಆಗುತ್ತೋ ಇಲ್ಲವೋ ಗೊತ್ತಿಲ್ಲ.

ಸೊಸೆ


೧೫ ಜನವರಿ

ಮಗಳೇ,

ಹಿಂದಿನ ಕಾಗದ ನಿನ್ನ ಕೈ ಸೇರಿತೋ ಇಲ್ಲವೋ. ಸೇರಿದ್ದರೆ ನಿನಗೆ ಆಗಲೇ ಗೊತ್ತಾಗಿರುತ್ತೆ, ನೀನು ನನ್ನ ಹಾಗೆ ಪೆದ್ದಿ ಅಲ್ಲ.

ಮೊನ್ನೆ ಹದಿಮೂರನೇ ತಾರೀಖು ಬೆಳಿಗ್ಗೆ ಕಿಟಕಿಗೆ ಬಣ್ಣ ಹೊಡೀತಿದ್ದೆ. ಕುಂಚ ತೊಳೀತಾ ಉದ್ದಣ್ಣನ ನೆನಪಾಯ್ತು. ನನ್ನ ಪೈಪನ್ನ ಅವನು ಯಾವಾಗ ತೊಳೆದಿರಬೇಕು ಅಂತ ಸುಮ್ಮನೆ ಯೋಚನೆ ಬಂತು. ಫೋಮ್ ಸುರಿದ ಮೇಲೋ, ಸುರಿಯೋ ಮುಂಚೆಯೋ? ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತೆ. ನಿಮ್ಮತ್ತೆ ಎದೆನೋವು ಅಂದ್ಕೊಂಡು ನೀರು ತಂದಳು. ವಿಷಯ ಹೇಳಿದೆ. "ಎದ್ದು ಸ್ಥಾವರಕ್ಕೆ ಹೋಗಿ ಹೇಳಿ ಬನ್ನಿ. ಹೇಳದೆ ನೀವು ಇವತ್ತು ಊಟ ಮಾಡಲ್ಲ, ನಾನೂ ಬಡಿಸಲ್ಲ" ಅಂದಳು. ನಲವತ್ತು ವರ್ಷದಲ್ಲಿ ಅವಳು ಬೈದದ್ದಕ್ಕೆ ಮೊದಲ ಸಲ ನನಗೆ ಖುಷಿಯಾಯ್ತು.

ಗೇಟಿನಲ್ಲಿ ಕಾವಲಿನವನಿಗೆ ನನ್ನ ಪರಿಚಯ ಇಲ್ಲ. ಅಣ್ಣಾ ತಮ್ಮಾ ಅಂದು ಗೋಗರೆದ ಮೇಲೆ ಅಗ್ನಿಸುರಕ್ಷೆಯ ಎಂಜಿನಿಯರ್ ಬಂದ. ದಪ್ಪ ಕನ್ನಡಕ, ನಿನ್ನ ಗಂಡನಷ್ಟೇ ವಯಸ್ಸು. ಮೊದಲು ನಕ್ಕ, ಆಮೇಲೆ ನಗು ನಿಂತಿತು. ನನ್ನ ಮಾತನ್ನ ರಿಜಿಸ್ಟರಿನಲ್ಲಿ ಬರ್ಕೊಂಡು ಹನ್ನೊಂದೂ ನಲವತ್ತು ಅಂತ ಸಮಯ ಹಾಕಿದ. ಆ ಗಳಿಗೆಯಿಂದ ಗೋಡೆ ರಿಪೇರಿ ಆಗೋವರೆಗೂ ಗಂಟೆಗೊಂದು ಸಲ ಒಬ್ಬರು ಎರಡೂ ಕೋಣೆ ಸುತ್ತಿ ಮೂಸಿ ನೋಡಿ ಬರಬೇಕಂತೆ. ಹಗಲಿನ ಸುತ್ತಿಗೆ ಒಬ್ಬ ಹೆಂಗಸನ್ನ ಹಾಕಿದಾರೆ. "ನಿಮ್ಮ ದಯದಿಂದ ದಿನಕ್ಕೆ ಎಂಟು ಸುತ್ತು ತಾತ, ಸಣ್ಣಗಾಗ್ತೀನಿ ಬಿಡಿ" ಅಂದಳು. ಕಾಲಿಗೆ ಬೀಳೋಣ ಅನ್ನಿಸ್ತು.

ನಾಳೆ ಹಲಗೆ ಬಿಚ್ತಾರೆ.

ಮಾವ


೨೦ ಜನವರಿ

ಮಗಳೇ,

ನಿನ್ನ ಕಾಗದ ಹದಿನೇಳಕ್ಕೆ ಬಂತು. ಸುಳ್ಳು ಯಾಕೆ ಹೇಳಲಿ, ಮಧ್ಯಾಹ್ನದವರೆಗೂ ಸಿಟ್ಟಿತ್ತು. "ಮಾವನನ್ನ ಒಂದು ಮಾತು ಕೇಳೋಕೇನಾಗಿತ್ತು ಇವಳಿಗೆ" ಅಂತ ಮನೆಯೆಲ್ಲ ಧುಮುಗುಟ್ಟಿಕೊಂಡು ಓಡಾಡಿದೆ. ನಿಮ್ಮತ್ತೆ ಕಾಗದವನ್ನ ಎರಡು ಸಲ ಓದಿ, "ಕೇಳಿದ್ದರೆ ನೀವೇನು ಹೇಳ್ತಿದ್ರಿ?" ಅಂದಳು. ನನಗೇ ಹೊಳೆಯದೆ ಇದ್ದಿದ್ದರೆ, ಎರಡು ದಿನ ತಡಿ, ಉದ್ದಣ್ಣನ ಹೆಂಡತಿಯನ್ನ ಕೇಳಿ ನೋಡ್ತೀನಿ, ಹಳೇ ಡೈರಿ ಹುಡುಕ್ತೀನಿ ಅಂತ ಏನೋ ಒಂದು ಹೇಳ್ತಿದ್ದೆ. ಆ ಎರಡು ದಿನ ಗೋಡೆ ಖಾಲಿ ಇರ್ತಿತ್ತು. ನೀನು ಮಾಡಿದ್ದೇ ಸರಿ ತಾಯಿ. ನನ್ನನ್ನ ಕೇಳದೆ ಹೇಳಿದೆಯಲ್ಲ, ಅದಕ್ಕೆ ನಿನಗೆ ದೊಡ್ಡ ನಮಸ್ಕಾರ. ಬರೆಯೋದು ನಿಲ್ಲಿಸ್ತೀನಿ ಅಂದ್ಕೊಂಡೆಯಲ್ಲ, ಅದಕ್ಕೆ ಮಾತ್ರ ಬೈಗುಳ.

ನಿಮ್ಮ ಸಾಹೇಬರು ಫೋನ್ ಮಾಡೋ ಎರಡು ದಿನ ಮುಂಚೆಯೇ ನನ್ನ ಹೇಳಿಕೆ ರಿಜಿಸ್ಟರಿನಲ್ಲಿತ್ತು. ಹಾಗಾಗಿ ಸ್ಥಾವರದವರೇ ಹುಡುಕಿದ ಹಾಗಾಯ್ತು ಅಂತ ಕನ್ನಡಕದವನು ಕುಣಿದಾಡಿಬಿಟ್ಟ.

ಹಲಗೆ ಬಿಚ್ಚೋವಾಗ ನಾನೂ ಇದ್ದೆ. ಎಂಟೂ ಖಾಲಿ. ಒಂದು ಚೂರು ಫೋಮ್ ಇಲ್ಲ. ಈ ಕಡೆ ಟಾರ್ಚ್ ಹಾಕಿದರೆ ಆ ಕಡೆ ಹಲಗೆಯ ಬೆನ್ನು ಕಾಣುತ್ತೆ. ಇಪ್ಪತ್ತೇಳು ವರ್ಷ ಮಗಳೇ! ಇಷ್ಟು ವರ್ಷ ಆ ಕೋಣೆಯಲ್ಲಿ ಒಂದು ಕಿಡಿಯೂ ಹಾರಲಿಲ್ಲವಲ್ಲ ಅಂತ ಯಾರಿಗೆ ಕೈ ಮುಗೀಬೇಕೋ ತಿಳೀಲಿಲ್ಲ. ಅಲ್ಲಿದ್ದವರಿಗೆಲ್ಲ ಮುಗಿದೆ.

ಆಮೇಲೆ ಫಾರಂ ತುಂಬಬೇಕಿತ್ತು. ಕಾರಣ ಅನ್ನೋ ಜಾಗಕ್ಕೆ ಬಂದಾಗ ಕನ್ನಡಕದವನು, "ಎರಡನೇ ಪಾಳಿಯವರು ತುಂಬಲಿಲ್ಲ ಅಂತ ಹಾಕೋಣ ಸಾರ್. ಅವರು ಈಗಿಲ್ಲ, ಯಾರಿಗೂ ನೋವಾಗಲ್ಲ" ಅಂದ. ಒಳ್ಳೇ ಮನಸ್ಸಿಂದಲೇ ಅಂದ. "ನನಗಾಗುತ್ತಪ್ಪ" ಅಂದೆ. ಉದ್ದಣ್ಣ ನಂಬಿದ್ದು ನನ್ನ ಕೈಬರಹವನ್ನ. ತಪ್ಪು ಅದನ್ನ ಬರೆದವನದು.

ಕೊನೆಗೆ ಎರಡು ಪ್ರಶ್ನೆ. ಸಹಿ ಹಾಕೋವಾಗ ಖಾಲಿ ಅಂತ ಗೊತ್ತಿತ್ತಾ? ಇರಲಿಲ್ಲ. ಕಣ್ಣಾರೆ ನೋಡಿದ್ರಾ? ಅವನು ಪೆನ್ನು ನಿಲ್ಲಿಸಿ, "ಇದಕ್ಕೆ ಯೋಚನೆ ಮಾಡಿ ಹೇಳಿ" ಅಂದ. ಸಹಿಯ ಮೇಲೆ "ಕಣ್ಣಾರೆ ನೋಡಿ ಖಚಿತಪಡಿಸಿದ್ದೇನೆ" ಅಂತ ಅಚ್ಚಾಗಿದೆಯಂತೆ. ನೋಡಲಿಲ್ಲ ಅಂದ್ರೆ ಅದನ್ನ ಮೋಸ ಅಂತ ತಗೋಬಹುದು. ಮೋಸ ಅಂದ್ರೆ ಕ್ಷಮೆ ಇಲ್ಲ, ಸ್ಥಾವರಕ್ಕೆ ದಂಡ, ಆದೇಶದಲ್ಲಿ ನಾನು ಸುಳ್ಳುಗಾರ ಅಂತ ಉಳಿದುಬಿಡುತ್ತೆ. ನನಗಿರೋ ಆಸ್ತಿ ಅಂದ್ರೆ ಮೇಸ್ತ್ರಿ ಕೆಲಸ ಚೊಕ್ಕ ಅನ್ನೋ ಒಂದು ಮಾತು. ಆದರೂ "ನೋಡಲಿಲ್ಲ ಅಂತ ಬರಿ" ಅಂದೆ.

ಈಗ ನಿಮ್ಮ ಕಚೇರಿ ಏನನ್ನುತ್ತೋ ಕಾಯಬೇಕು. ನಿನ್ನನ್ನ ಕೇಳಲ್ಲ, ಹೆದರಬೇಡ.

ಮಾವ


೮ ಫೆಬ್ರವರಿ

ಪ್ರೀತಿಯ ಮಾವನಿಗೆ,

ನಿಮ್ಮ ಎರಡೂ ಕಾಗದ ಓದಿ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅತ್ತೆ. ಹೊರಗೆ ಬಂದ ಮೇಲೆ ಮಗಳು, "ಈರುಳ್ಳಿನ ಬಾತ್‌ರೂಮಲ್ಲಿ ಹೆಚ್ತಾರಾ?" ಅಂದಳು. ನಿಮ್ಮ ಮೊಮ್ಮಗಳಲ್ವಾ!

ಆ ಕಡತ ಇರೋ ಕೋಣೆ ಮುಂದೆ ದಿನಾ ಓಡಾಡ್ತೀನಿ, ತಲೆ ತಗ್ಗಿಸಿಕೊಂಡು. ಒಳಗೆ ಏನು ನಡೀತಿದೆ ಅಂತ ಗೊತ್ತಿಲ್ಲ, ಕೇಳೋ ಹಾಗಿಲ್ಲ. ನೋಡದೆ ಹಾಕಿದ ಸಹಿ ಮೋಸವೋ ಅಲ್ಲವೋ ಅನ್ನೋದರ ಮೇಲೆ ಇಬ್ಬರು ಅಧಿಕಾರಿಗಳು ಜಗಳವಾಡಿದರು ಅಂತ ಕ್ಯಾಂಟೀನಿನಲ್ಲಿ ಮಾತು. ನಾನು ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದೆ. ಆ ಕಲಂ ಬರೆದವಳು ನಾನೇ ಮಾವ. "ಗೊತ್ತಿದ್ದೂ" ಅನ್ನೋ ಪದಕ್ಕೆ ಎಷ್ಟು ಅಗಲ ಅಂತ ಆಗ ಯೋಚಿಸಿರಲಿಲ್ಲ.

ಎರಡನೇ ಪ್ರಶ್ನೆಗೆ ಬೇರೆ ಉತ್ತರ ಕೊಟ್ಟಿದ್ದರೆ ಯಾರಿಗೂ ತಿಳೀತಿರಲಿಲ್ಲ. ನೀವು ಕೊಡಲಿಲ್ಲ. ಅಂಥವರ ಮನೆಗೆ ಸೊಸೆಯಾಗಿ ಬಂದೆನಲ್ಲ, ಅಷ್ಟು ಸಾಕು ನನಗೆ.

ನಿಮ್ಮ ಮಗನಿಗೆ ಎಲ್ಲ ಓದಿ ಹೇಳಿದೆ. ಪೆನ್ನು ಕೊಡು ಅಂದ್ರು. ಕೆಳಗಿರೋದು ಅವರದೇ ಅಕ್ಷರ, ಗಾಬರಿಯಾಗಬೇಡಿ.

ನಿಮ್ಮ ಸೊಸೆ

ಅಪ್ಪ, ಅವತ್ತು ಬಿಸ್ಕತ್ ತಿಂತಿದ್ದೆ ನಿಜ. ಆದ್ರೆ ನೀನು ಬಾಗಿಲಲ್ಲಿ ಕಾಣೋವರೆಗೂ ಅದನ್ನ ಮುಟ್ಟಿರಲಿಲ್ಲ. ಅಪ್ಪ ಡ್ಯೂಟಿ ಬಿಟ್ಟು ಬರಲ್ಲ ಅಂದಿದ್ರು ಸ್ಕೂಲಲ್ಲಿ. ನೀನು ಬಂದೆ. ಕೈಯೆಲ್ಲ ಬಣ್ಣ ಇತ್ತು. ಥ್ಯಾಂಕ್ಸ್ ಅಪ್ಪ.


೩ ಮಾರ್ಚ್

ಮಾವ,

ಮೂರು ವಾರವಾಯ್ತು, ನಿಮ್ಮಿಂದ ಸುದ್ದಿಯಿಲ್ಲ. ಅತ್ತೆಗೆ ಫೋನ್ ಮಾಡಿದರೆ, "ಪೋಸ್ಟಿನವನ ದಾರಿ ಕಾಯ್ತಾ ಗೇಟಿನ ಹತ್ತಿರಾನೇ ಕೂತಿರ್ತಾರೆ, ಪೇಪರ್ ತಲೆಕೆಳಗೆ ಹಿಡ್ಕೊಂಡಿರ್ತಾರೆ" ಅಂದ್ರು. ಆದೇಶ ಏನೇ ಬರಲಿ, ಒಂದು ಸಾಲು ಬರೀರಿ. ನನಗೆ ಬರೀದಿದ್ದರೂ ಪರವಾಗಿಲ್ಲ, ಮಗನಿಗಾದರೂ ಬರೀರಿ. ಅವರು ನಿಮ್ಮ ಉತ್ತರಕ್ಕೆ ಕಾಯ್ತಿದಾರೆ, ಆದರೆ ಕಾಯ್ತಿಲ್ಲ ಅನ್ನೋ ಹಾಗೆ ನಟಿಸ್ತಾರೆ.

ಸೊಸೆ


೨೬ ಮಾರ್ಚ್

ನನ್ನ ಮಗಳಿಗೂ ಮಗನಿಗೂ,

ಮಗನೇ, ನಿನ್ನ ಆ ನಾಲ್ಕು ಸಾಲಿಗೆ ಉತ್ತರ ಬರೆಯೋಕೆ ಕೂತು ಕೂತು ಕಾಗದವೆಲ್ಲ ಹಾಳಾಯ್ತು. ಆಗಲ್ಲ ಬಿಡು. ಬಂದಾಗ ತಬ್ಕೋತೀನಿ.

ಮಗಳೇ, ಆದೇಶ ಹತ್ತೊಂಬತ್ತಕ್ಕೆ ಬಂತು. "ನೋಡದೆ ಸಹಿ ಹಾಕಿದ್ದು ಅಂದಿನ ಮೇಸ್ತ್ರಿಯ ದೊಡ್ಡ ಬೇಜವಾಬ್ದಾರಿ. ಆದರೆ ತಿಳಿದು ಬಚ್ಚಿಟ್ಟಿದ್ದಲ್ಲ. ತಿಳಿದ ದಿನವೇ ಹೇಳಿದ್ದಾರೆ. ದಂಡವಿಲ್ಲ" ಅಂತ ಇದೆ. ಬೇಜವಾಬ್ದಾರಿ ಅನ್ನೋದನ್ನ ನಾಲ್ಕು ಸಲ ಓದಿದೆ, ಚುಚ್ಚಿತು. ಚುಚ್ಚಲಿ, ಅದು ನನ್ನದೇ. ಸುಳ್ಳುಗಾರ ಅನ್ನಲಿಲ್ಲವಲ್ಲ. ಬರೆದ ಆ ಅಧಿಕಾರಿ ಯಾರೋ, ಅವರ ಹೊಟ್ಟೆ ತಣ್ಣಗಿರಲಿ. ಎಂಟು ತೂತಿಗೂ ಈಗ ಫೋಮ್ ತುಂಬಿದೆ. ಉದ್ದಣ್ಣನ ಹೆಂಡತಿಗೆ ಹೋಗಿ ಹೇಳಿ ಬಂದೆ. "ಅವರ ಹೆಸರು ಎಲ್ಲೂ ಇಲ್ಲ ತಾನೇ?" ಅಂದಳು. ಇಲ್ಲ ತಂಗಿ ಅಂದೆ.

ಈಗ ನಿನ್ನೆಯ ಸುದ್ದಿ. ಸ್ಥಾವರದ ಮುಖ್ಯಸ್ಥರು ಹೇಳಿ ಕಳಿಸಿದ್ರು. ಊಟಕ್ಕೆ ಮುಂಚೆ ಕೆಲಸದವರನ್ನೆಲ್ಲ ಕ್ಯಾಂಟೀನಿನಲ್ಲಿ ಸೇರಿಸ್ತೀವಿ, ಬಂದು ನಾಲ್ಕು ಮಾತಾಡಿ ಅಂತ. ನಾನು ಜನರ ಮುಂದೆ ಮಾತಾಡಿದವನಲ್ಲ, ಏಣಿ ಮೇಲಿಂದ ಕೂಗಿದವನು ಅಷ್ಟೆ. ಸುಮಾರು ನಲವತ್ತು ಜನ. "ತಪ್ಪು ನಂದು" ಅಂತ ಶುರು ಮಾಡಿದೆ. ನಂಬರಿನ ಕೈಚಳಕ, ನೋಡದ ಸಹಿ, ಎಲ್ಲ ಹೇಳಿದೆ. "ಅವತ್ತು ಗೇಟಿನವರೆಗೆ ಬರೋವಾಗ ಇಲ್ಲಿಗೆ ನನ್ನ ಮರ್ಯಾದೆ ಮುಗೀತು ಅಂದ್ಕೊಂಡಿದ್ದೆ. ಇವತ್ತು ಅದೇ ಗೇಟಲ್ಲಿ ಕಾವಲಿನವನು ಸಲ್ಯೂಟ್ ಹೊಡೆದ. ಮೂವತ್ತೊಂದಕ್ಕೆ ಇನ್ನೂ ಆರು ದಿನ ಇದೆ" ಅಂದೆ. ಅಷ್ಟೇ ಬಂತು ಬಾಯಿಗೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೆಟ್ಟೆನಲ್ಲಪ್ಪ ಅಂದ್ಕೊಂಡೆ. ಆಮೇಲೆ ಹಿಂದಿನ ಸಾಲಿನಲ್ಲಿ ಗಂಟೆಗೊಂದು ಸಲ ಕೋಣೆ ಸುತ್ತುತ್ತಿದ್ದ ಆ ಹೆಂಗಸು ಎದ್ದಳು. ನನಗೆ ಕೇಳಿಸಲಿಲ್ಲ, ಕನ್ನಡಕದವನು ಚೀಟಿಯಲ್ಲಿ ಬರೆದು ಕೊಟ್ಟ. ಮೂರನೇ ಮೆಟ್ಟಿಲುಸಾಲಿನ ಹತ್ತಿರದ ಬೆಂಕಿ ತಡೆಯೋ ಬಾಗಿಲು ತಾನಾಗಿ ಮುಚ್ಚಲ್ಲವಂತೆ. ನಾಲ್ಕು ವರ್ಷದಿಂದ ಭುಜದಲ್ಲಿ ತಳ್ಳಿ ಮುಚ್ಚಿ "ಸರಿಯಿದೆ" ಅಂತ ಬರೀತಾ ಬಂದಿದಾಳಂತೆ. ಗೊತ್ತಿದ್ದೂ ಬರೆದದ್ದಕ್ಕೆ ಕ್ಷಮೆ ಸಿಗುತ್ತೋ ಇಲ್ಲವೋ, ಹೇಳಿಬಿಡ್ತೀನಿ ಅಂದಳಂತೆ. ಅವಳು ಕೂರೋ ಮುಂಚೆ ಬೆಳ್ಳಗೆ ತಲೆ ನರೆತ ಎಲೆಕ್ಟ್ರಿಷಿಯನ್ ಒಬ್ಬ ಎದ್ದ. ಅವನ ಪಕ್ಕದವನೂ ಎದ್ದ. ಮುಖ್ಯಸ್ಥರು ಕೋಟು ಕಳಚಿ, ಕುರ್ಚಿ ಎಳ್ಕೊಂಡು, ತಾವೇ ಪೆನ್ನು ಹಿಡಿದು ಬರ್ಕೊಳ್ಳೋಕೆ ಕೂತ್ರು. ಕನ್ನಡಕದವನು ನನಗೆ ಚೀಟಿ ಕೊಡ್ತಾ ಕೊಡ್ತಾ ಹಾಳೆ ಮುಗಿದು, ಅಂಗೈ ಮೇಲೆ ಬರೆದು ತೋರಿಸಿದ.

ಹನ್ನೊಂದು ಜನ ಮಗಳೇ. ಊಟದ ಗಂಟೆ ಹೊಡೆದು ಎಷ್ಟೋ ಹೊತ್ತಾಗಿತ್ತು, ಅನ್ನ ಆರಿಹೋಗಿತ್ತು, ಒಬ್ಬರೂ ಊಟಕ್ಕೆ ಏಳಲಿಲ್ಲ.

ನಿಮ್ಮ ಸಾಹೇಬರಿಗೆ ಹೇಳು, ಗಿರಾಕಿಗಳು ಬರ್ತಿದಾರೆ ಅಂತ.

ನಿಮ್ಮ ಅಪ್ಪ